ಬಯಲು ಖಾಲಿಯಿದ್ದ ಎರಡು ವರ್ಷ

ಈ ಸಂಚಿಕೆಗೆ ನಮ್ಮ ಶಾಲೆಯ ಆಟೋಟದ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಕಬಡ್ಡಿ ತಂಡ ಜಿಲ್ಲಾ ಮಟ್ಟಕ್ಕೆ ಹೋದದ್ದು, ಖೋ-ಖೋ ಹುಡುಗಿಯರು ಶೀಲ್ಡ್ ಗೆದ್ದು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಬಂದದ್ದು ನನಗಿಂತ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಅದನ್ನು ಅವರೇ ಬರೆಯಲಿ. ಯಾರೂ ಬರೆಯದೆ ಬಿಟ್ಟುಹೋಗಬಹುದಾದ ಎರಡು ವರ್ಷಗಳನ್ನು ನಾನು ಆರಿಸಿಕೊಂಡಿದ್ದೇನೆ: 2020-21 ಮತ್ತು 2021-22. ಹೆಡ್‌ಮಾಸ್ಟರ ಕೊಠಡಿಯಲ್ಲಿರುವ ಚಾಂಪಿಯನ್ನರ ಫಲಕದಲ್ಲಿ ಆ ಎರಡು ಸಾಲುಗಳಲ್ಲಿ ಮಾತ್ರ ಹೆಸರಿಲ್ಲ.

ಬಿ.ಇ. ಮುಗಿಸಿ ಬೆಂಗಳೂರು ಸೇರಿದ ನಾನು ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ. ಹಾಗಾಗಿ ಬೀಗ ಹಾಕಿದ ಶಾಲೆಯನ್ನು ದಿನವೂ ನೋಡಿದವರಲ್ಲಿ ನಾನೂ ಒಬ್ಬ. ಮೊದಲ ಮಳೆಗೆ ಬಯಲಿನಲ್ಲಿ ಪಾರ್ಥೇನಿಯಂ ಎದ್ದಿತು. ಎರಡನೇ ಮಳೆಗಾಲದ ಹೊತ್ತಿಗೆ ಖೋ-ಖೋ ಅಂಕಣದ ಕಂಬ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

2020ರ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ಮಕ್ಕಳು ಮಾಸ್ಕ್ ಹಾಕಿಕೊಂಡು ಬರೆದರು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು; ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯ ‘ಸಂವೇದ’ ಪಾಠ ಕೆಲವರ ಮನೆಗೆ ಮುಟ್ಟಿತು, ಕೆಲವರ ಮನೆಗೆ ಇಲ್ಲ. 2021ರ ಜನವರಿ 1ರಿಂದ ಹತ್ತನೆಯವರಿಗೆ ಶಾಲೆ ತೆರೆಯಿತು, ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂತು. ಆ ವರ್ಷ ಇಡೀ ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22, ಎರಡೇ ದಿನಕ್ಕೆ ಮುಗಿಯಿತು. ಸೋಂಕು ಕಡಿಮೆಯಿದ್ದ ಜಿಲ್ಲೆಗಳಲ್ಲಿ ಒಂಬತ್ತು, ಹತ್ತನೆಯವರು ಮತ್ತೆ ಒಳಗೆ ಬಂದದ್ದು ಆಗಸ್ಟ್ 23ರಂದು. ಪಾಠ ಶುರುವಾಯಿತು, ಆದರೆ ಗುಂಪು ಸೇರುವ ಆಟ ಬೇಡವೆಂದು ನಮ್ಮಲ್ಲಿ ಚೆಂಡು, ನೆಟ್ಟು ಬೀರುವಿನಲ್ಲೇ ಉಳಿದವು.

‘ಹಳ್ಳಿ ಮಕ್ಕಳಿಗೇನು, ಹೊಲ-ಗದ್ದೆಯಲ್ಲಿ ಓಡಾಡಿಕೊಂಡಿದ್ದರು’ ಎಂದು ಈಗಲೂ ಹೇಳುವವರಿದ್ದಾರೆ. ಗಂಡುಹುಡುಗರ ಮಟ್ಟಿಗೆ ಅದು ಅರ್ಧ ನಿಜ. ಅವರು ದನ ಹೊಡೆದುಕೊಂಡು ಹೋದರು, ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿದರು. ಹೆಣ್ಣುಮಕ್ಕಳಿಗೆ ನಮ್ಮೂರಿನಲ್ಲಿ ಲಂಗುಲಗಾಮಿಲ್ಲದೆ ಓಡಲು ಇದ್ದದ್ದು ಒಂದೇ ಜಾಗ, ಶಾಲೆಯ ಬಯಲು. ಅದಕ್ಕೆ ಬೀಗ ಬಿದ್ದ ಮೇಲೆ ಅವರ ಪಾಲಿಗೆ ಮನೆಗೆಲಸ ಉಳಿಯಿತು, ಆಟ ಹೋಯಿತು. ಇನ್ನೊಂದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 2006-07ರಿಂದ ಸರ್ಕಾರ ಎಂಟನೆಯವರಿಗೆ ಕೊಡುತ್ತಾ ಬಂದ ಸೈಕಲ್ಲನ್ನು ತುಳಿದುಕೊಂಡು ಅಕ್ಕಪಕ್ಕದ ಹಳ್ಳಿಗಳ ಮಕ್ಕಳು ದಿನಕ್ಕೆ ಏಳೆಂಟು ಕಿಲೋಮೀಟರ್ ಬಂದು ಹೋಗುತ್ತಿದ್ದರು. ಅದಕ್ಕೆ ಯಾರೂ ವ್ಯಾಯಾಮ ಎಂದು ಹೆಸರಿಟ್ಟಿರಲಿಲ್ಲ. ಆ ಸೈಕಲ್‌ಗಳು ಕೊಟ್ಟಿಗೆಯಲ್ಲಿ ಗಾಳಿ ಇಳಿದು ನಿಂತವು.

ಪರಿಸ್ಥಿತಿ ಮೊದಲೇ ಚೆನ್ನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 146 ದೇಶಗಳ ಮಾಹಿತಿ ಆಧರಿಸಿ ಅದರ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ 100ಕ್ಕೆ 81 ಮಂದಿಗೆ ಅಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಇದು ಕೊರೊನಾಕ್ಕಿಂತ ಹಿಂದಿನ ಮಾತು.

ಇದರ ಮೇಲೆ ರೋಗವೂ ಬಂತು. ಮಕ್ಕಳಿಗೆ ಏನೂ ಆಗಲಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. 2021ರ ಜೂನ್-ಜುಲೈನಲ್ಲಿ ಐಸಿಎಂಆರ್ ದೇಶದ 70 ಜಿಲ್ಲೆಗಳಲ್ಲಿ ನಡೆಸಿದ ರಕ್ತ ಪರೀಕ್ಷೆಯ ಸಮೀಕ್ಷೆಯಲ್ಲಿ 10ರಿಂದ 17 ವರ್ಷದವರ ಪೈಕಿ 100ಕ್ಕೆ ಸುಮಾರು 61 ಮಂದಿಯಲ್ಲಿ ಪ್ರತಿಕಾಯ ಕಂಡಿತು. ಆ ವಯಸ್ಸಿನವರಿಗೆ ಆಗಿನ್ನೂ ಲಸಿಕೆ ಬಂದಿರಲಿಲ್ಲ. 15 ದಾಟಿದವರಿಗೆ ಕೊಡತೊಡಗಿದ್ದು 2022ರ ಜನವರಿ 3ರಿಂದ. ಅಂದರೆ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಸೋಂಕು ತಗುಲಿ ಹೋಗಿತ್ತು. ಬಹುಪಾಲು ಮಕ್ಕಳು ಚೆನ್ನಾಗಿ ಗುಣವಾದರು. ಕೆಲವರಿಗೆ ಜ್ವರ ಬಿಟ್ಟ ಮೇಲೂ ಸುಸ್ತು, ತಲೆನೋವು, ಏದುಸಿರು ಉಳಿದವು.

ಇದು ನಮ್ಮೂರಿಗೆ ಹೊಸದೇನಲ್ಲ. 2006ರ ಚಿಕುನ್‌ಗುನ್ಯಾ ಯಾರಿಗೆ ಮರೆತಿದೆ? ಆ ವರ್ಷ ದೇಶದಲ್ಲಿ ವರದಿಯಾದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ 7 ಲಕ್ಷಕ್ಕೂ ಮಿಕ್ಕಿ, ಕರ್ನಾಟಕದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಕಾಡಿತು. ಗೋಡೆ ಹಿಡಿದು ಏಳುತ್ತಿದ್ದ ಅಜ್ಜಿಯನ್ನು ಆಗ ಯಾರೂ ಮೈಗಳ್ಳಿ ಎನ್ನಲಿಲ್ಲ. ನೋವು ಕಣ್ಣಿಗೆ ಕಾಣುತ್ತಿತ್ತು. ಕೊರೊನಾ ಬಿಟ್ಟುಹೋದ ಸುಸ್ತು ಹಾಗೆ ಕಾಣುವುದಿಲ್ಲ, ಅದರಲ್ಲೂ ಹದಿನಾಲ್ಕು ವರ್ಷದವರಲ್ಲಿ.

ನನ್ನ ಅಕ್ಕನ ಮಗಳು ಆಗ ಒಂಬತ್ತನೇ ತರಗತಿ. ಎರಡನೇ ಅಲೆಯಲ್ಲಿ ಮನೆಮಂದಿಗೆಲ್ಲ ಬಂದು ಹೋಯಿತು, ಅವಳಿಗೆ ಬರೀ ಮೂರು ದಿನದ ಜ್ವರ. ಮೊದಲು ಕ್ಲಾಸಿಗೇ ಚುರುಕಿನ ಓಟಗಾರ್ತಿ. ಶಾಲೆ ತೆರೆದ ಮೇಲೆ ಬಯಲಿನ ಒಂದು ಸುತ್ತು ಓಡಿದರೆ ಮರುದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ‘ಮೊಬೈಲು ನೋಡಿ ನೋಡಿ ಸೋಮಾರಿಯಾಗಿದ್ದಾಳೆ’ ಎಂದು ಅಕ್ಕ ಬೈದಳು. ತಾಯಿಯ ಗಾಬರಿ ಬೈಗುಳವಾಗಿ ಬರುವುದೇ ಹೆಚ್ಚು. ಸರಿಯಾಗಿ ಕಂಡವರು ಪಿ.ಟಿ. ಮೇಷ್ಟ್ರು. ‘ನೀನು ಓಡಬೇಡ ಮಗಾ, ಅರ್ಧ ಸುತ್ತು ನಡಿ, ಆಮೇಲೆ ಕೂತ್ಕೊಂಡು ಸ್ಕೋರು ಬರಿ’ ಎಂದರು. ಡಾಕ್ಟರಿಗೆ ಒಮ್ಮೆ ಎದೆ ತೋರಿಸಿಕೊಂಡು ಬನ್ನಿ ಎಂದು ಮನೆಗೂ ಹೇಳಿ ಕಳಿಸಿದರು. ವಾರಕ್ಕಿಷ್ಟು ಎಂದು ನಡಿಗೆ ಹೆಚ್ಚಿಸಿದರು, ಸುಸ್ತು ಹೆಚ್ಚಿದ ವಾರ ಇಳಿಸಿದರು. ಹತ್ತನೆಯ ಕೊನೆಗೆ ಅವಳು ಮತ್ತೆ ಓಡಿದಳು, ಹಿಂದಿನಷ್ಟು ಜೋರಾಗಿ ಅಲ್ಲ. ಶ್ರಮದ ಬೆನ್ನಿಗೇ ಸುಸ್ತು ಉಲ್ಬಣಿಸುವವರನ್ನು ಒತ್ತಾಯದಿಂದ ದುಡಿಸಬಾರದು ಎಂದು ವೈದ್ಯರ ಸೂಚನೆಗಳೂ ಹೇಳುತ್ತವೆ. ಮೇಷ್ಟ್ರು ಅವನ್ನು ಓದಿದ್ದರೋ ಇಲ್ಲವೋ, ಮಗುವನ್ನು ಓದಿದ್ದರು.

ಎಲ್ಲ ಸುಸ್ತೂ ವೈರಸ್ಸಿನದೇ ಎಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ನಮ್ಮ ಹೈಸ್ಕೂಲು ವಯಸ್ಸಿನವರನ್ನೇ, 11ರಿಂದ 17 ವರ್ಷದವರನ್ನು, 2021ರಲ್ಲಿ ಪರೀಕ್ಷೆಯಾದ ಮೂರು ತಿಂಗಳ ಬಳಿಕ ವಿಚಾರಿಸಿದರು. ಸೋಂಕು ಬಂದಿದ್ದವರಲ್ಲಿ 100ಕ್ಕೆ 66 ಮಂದಿ ಒಂದಲ್ಲ ಒಂದು ತೊಂದರೆ ಹೇಳಿಕೊಂಡರು. ಸೋಂಕು ಪತ್ತೆಯಾಗದವರಲ್ಲೂ 53 ಮಂದಿ ಹೇಳಿಕೊಂಡರು! ಮೂರು ಅಥವಾ ಹೆಚ್ಚು ತೊಂದರೆ ಇದ್ದವರು ಮಾತ್ರ 30 ಮತ್ತು 16, ಸುಮಾರು ಇಮ್ಮಡಿ. ರೋಗ ತನ್ನ ಪಾಲು ಮಾಡಿದೆ, ಬೀಗ ಹಾಕಿದ ವರ್ಷವೂ ತನ್ನ ಪಾಲು ಮಾಡಿದೆ. ಮಕ್ಕಳಲ್ಲಿ ಇಂಥ ದೀರ್ಘ ತೊಂದರೆ ಎಂದರೆ ಏನು ಎಂಬ ವ್ಯಾಖ್ಯೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟದ್ದೇ 2023ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ನಮ್ಮ ಆ ಬ್ಯಾಚಿನವರು ಪಿಯುಸಿ ಸೇರಿಯಾಗಿತ್ತು.

ಪಾಠದ ನಷ್ಟವನ್ನು ಸರ್ಕಾರ ಗುರುತಿಸಿತು. 2022-23ನ್ನು ಕಲಿಕಾ ಚೇತರಿಕೆ ವರ್ಷವೆಂದು ಕರೆದು, ಪುಸ್ತಕ ಮಾಡಿ, ಹಿಂದಿನ ತರಗತಿಗಳ ಪಾಠ ತುಂಬಿಸಿತು. ಒಳ್ಳೆಯ ಕೆಲಸ. ಮೈಯ ಚೇತರಿಕೆಗೆ ಮಾತ್ರ ನಮ್ಮಲ್ಲಿ ಅಂಥ ವರ್ಷ ಬರಲಿಲ್ಲ. ಬದಲಿಗೆ ಸಿಲೆಬಸ್ ಮುಗಿಸಲು ಡ್ರಿಲ್ ಪೀರಿಯಡ್ಡನ್ನೇ ಗಣಿತಕ್ಕೆ, ಇಂಗ್ಲಿಷಿಗೆ ಕೊಟ್ಟದ್ದುಂಟು. ಹಾಜರಿ ಪುಸ್ತಕದಲ್ಲಿ ಬಾರದ ದಿನ ದಾಖಲಾಗುತ್ತದೆ, ಬಂದೂ ಸುಸ್ತಾಗಿ ಕೂತ ದಿನ ದಾಖಲಾಗುವುದಿಲ್ಲ. ಐವತ್ತು ವರ್ಷದ ದಾಖಲೆಗಳನ್ನು ಈಚೆಗೆ ಸ್ಕ್ಯಾನ್ ಮಾಡುವಾಗ ನನಗೆ ಎದ್ದು ಕಂಡ ಕೊರತೆ ಇದೇ.

ಆ ಎರಡು ವರ್ಷ ಇಲ್ಲಿ ಓದಿದವರಿಗೆ ಈಗ ಹದಿನೆಂಟು, ಇಪ್ಪತ್ತು ವಯಸ್ಸು. ಆಟ ಬಿಟ್ಟವರು, ಉಸಿರು ಸಾಲದೆ ತಂಡದಿಂದ ಹಿಂದೆ ಸರಿದವರು, ಏನೂ ಆಗದೆ ಆಡಿಕೊಂಡಿದ್ದವರು, ಎಲ್ಲರೂ ತಮ್ಮ ನೆನಪನ್ನು ಒಂದು ಪುಟದಲ್ಲಿ ಬರೆದು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಹೆಸರು ಬೇಡವೆಂದರೆ ಬೇಡ, ತರಗತಿ ಮತ್ತು ವರ್ಷ ಸಾಕು. ಟೈಪ್ ಮಾಡಿ, ಚಾಂಪಿಯನ್ನರ ಪಟ್ಟಿಯಿರುವ ಕಡತದಲ್ಲೇ ಸೇರಿಸುವ ಕೆಲಸ ನನ್ನದು.