ಐಗಳು ಹೋದ ಮೇಲೆ

ಉಣಕಲ್‌ನ ಚಂದ್ರಮೌಳೀಶ್ವರ ಗುಡಿಯ ಹತ್ತಿರ ನಮ್ಮ ಮನೆ. ಮೊಮ್ಮಗಳನ್ನು ಅಂಗನವಾಡಿಗೆ ಬಿಡುವವನು ನಾನೇ. ಅಲ್ಲಿ ಕಲಿಸುವವರು ಅಕ್ಕೋರು, ಉಣಿಸುವವರೂ ಅಕ್ಕೋರು. ಗಂಡಸರು ಬಾಗಿಲತನಕ ಮಾತ್ರ.

ಮೊದಲು ಹೀಗಿರಲಿಲ್ಲ. ನಮ್ಮಜ್ಜ ಅಕ್ಷರ ಕಲಿತದ್ದು ಐಗಳ ಮಠದಲ್ಲಿ, ಅಂದರೆ ಹಳ್ಳಿಯ ಹಳೇ ಮೇಷ್ಟ್ರ ಶಾಲೆಯಲ್ಲಿ. ನೆಲಕ್ಕೆ ಉಸುಕು ಹರವಿ, ಐಗಳು ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಅವನ ತೋರುಬೆರಳು ಹಿಡಿದು ತಿದ್ದಿಸುತ್ತಿದ್ದರಂತೆ. ಬೆರಳ ತುದಿ ಕೆಂಪಾಗುತ್ತಿತ್ತು. ಏಟೂ ಬೀಳುತ್ತಿತ್ತು, ಅದನ್ನು ನಾನು ಹೊಗಳಲಾರೆ. ಏಟಿಲ್ಲದೆ ಕಲಿಸಿದ ಗಂಡಸೂ ಇದ್ದರು: ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ. ಗುಜರಾತಿನ ಜನ ಅವರನ್ನು ಮೀಸೆಯ ತಾಯಿ ಎಂದರು.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಕಾರ್ಯಕರ್ತೆಯ ಕೆಲಸ ಹೆಂಗಸರಿಗೇ ಮೀಸಲು. ಅದಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. ಹೀಗಾಗಿ ನಮ್ಮಲ್ಲಿ ಎಣಿಸಲೂ ಗಂಡಸರಿಲ್ಲ. ಆದರೆ ನಾರ್ವೆಯ ಶಿಶುವಿಹಾರಗಳ ಸಿಬ್ಬಂದಿಯಲ್ಲಿ ಹತ್ತರಲ್ಲಿ ಸುಮಾರು ಒಬ್ಬರು ಗಂಡಸರು. ಅಲ್ಲಿನ ಸರ್ಕಾರ ಶೇಕಡಾ 20ರ ಗುರಿಯನ್ನೇ ಇಟ್ಟುಕೊಂಡಿತ್ತು.

ಹೆಂಗಸರ ಕೆಲಸವೆಂದರೆ ಕಡಿಮೆ ದುಡ್ಡಿಗೆ ಸಾಗುತ್ತದೆ ಎಂಬ ಲೆಕ್ಕವೇ ನಮ್ಮಲ್ಲಿ ಗಂಡಸರಿಲ್ಲದಿರುವುದರ ಬೇರು ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ಕಾರ ಮೊದಲು ಅಕ್ಕೋರಿಗೆ ಪೂರ್ಣ ಸಂಬಳ ಕೊಡಲಿ. ಆಮೇಲೆ ಗಂಡಸರಿಗೂ ಅರ್ಜಿ ಹಾಕಲು ಬಿಡಲಿ.