ಕೃಷ್ಣೆಯ ಹರಗೋಲು, ಮುಲ್ಕಿಯ ಹಲಗೆ

1695ರ ಮಾರ್ಚ್ ತಿಂಗಳಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಗೋವೆಯಿಂದ ಘಟ್ಟ ಹತ್ತಿ ಕೃಷ್ಣಾ ತೀರದ ಗಲಗಲಿಗೆ ಬಂದ. ಹೊಳೆದಂಡೆಯಲ್ಲಿ ಬೀಡುಬಿಟ್ಟಿದ್ದ ಔರಂಗಜೇಬನನ್ನು ಕಾಣುವುದು ಅವನ ಆಸೆ. ಮರಾಠರ ಬೆನ್ನುಹತ್ತಿದ್ದ ಬಾದಶಹ ಆ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿಯೇ ಠಿಕಾಣಿ ಹೂಡಿದ್ದ. ಊರಿಗೆ ಕುತ್ಬಾಬಾದ್ ಎಂಬ ಹೆಸರನ್ನೂ ಇಟ್ಟಿದ್ದ. ಆ ಹೆಸರು ಉಳಿಯಲಿಲ್ಲ. ಆದರೆ ಕರೇರಿ ಬರೆದಿಟ್ಟ ಲೆಕ್ಕ ಉಳಿದಿದೆ: 60,000 ಕುದುರೆ ಸವಾರರು, 1,00,000 ಕಾಲಾಳು, 50,000 ಒಂಟೆ, 3,000 ಆನೆ, 250 ಬಜಾರು, 30 ಮೈಲಿ ಸುತ್ತಳತೆಯ ಡೇರೆಗಳ ಊರು, ಒಟ್ಟು 5 ಲಕ್ಷ ಜನ. ವಯಸ್ಸಿಗೆ ಬಾಗಿದ ತೆಳ್ಳನೆಯ ಮುದುಕ ದೊಣ್ಣೆ ಊರಿಕೊಂಡು ದರ್ಬಾರಿಗೆ ಬಂದು, ಕನ್ನಡಕವಿಲ್ಲದೆ ಅರ್ಜಿಗಳನ್ನು ಓದಿ, ತನ್ನ ಕೈಯಾರೆ ಹುಕುಂ ಬರೆದದ್ದನ್ನೂ ಅವನು ದಾಖಲಿಸಿದ್ದಾನೆ.

ಕರೇರಿಯ ಅಂಕಿಗಳನ್ನು ಅರ್ಧಕ್ಕೆ ಇಳಿಸಿದರೂ ಅಷ್ಟು ಜನ, ಅಷ್ಟು ದನಕರು, ಆನೆ ಒಂಟೆಗಳ ಬಾಯಾರಿಕೆ ನೀಗಿಸಲು ಬಾವಿ ಕೆರೆಗಳಿಂದಾಗದು. ದೊಡ್ಡ ಹೊಳೆಯೇ ಬೇಕು. ಗಲಗಲಿಯ ಚರಿತ್ರೆಯನ್ನು ಎಲ್ಲಿಂದ ಹಿಡಿದು ಎಳೆದರೂ ಕೊನೆಗೆ ಕೈಗೆ ಸಿಗುವುದು ಕೃಷ್ಣೆಯೇ. ಗಾಲವ ಋಷಿ ತಪಸ್ಸು ಮಾಡಿದ ಜಾಗವೆಂದು ಊರವರು ನಂಬುವುದು ಈ ದಂಡೆಯನ್ನು. ಮಾಧ್ವ ಪಂಡಿತರ ಮನೆತನಗಳು ನೆಲೆಸಿದ್ದು, ಹರಿದಾಸಿ ಗಲಗಲಿ ಅವ್ವ ಹಾಡು ಕಟ್ಟಿದ್ದು ಇದೇ ನೀರಿನ ನೆರೆಯಲ್ಲಿ.

ಈ ಹೊಳೆ ಒಂದೇ ಹದದಲ್ಲಿ ಇದ್ದದ್ದಲ್ಲ. ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಇಲ್ಲಿ ಹನಿ ಬೀಳದಿದ್ದರೂ ಹೊಳೆ ತುಂಬಿ ಬರುತ್ತಿತ್ತು. ಬೇಸಿಗೆಯಲ್ಲಿ ಅದೇ ಹೊಳೆ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿದು, ಜನ ಮೊಣಕಾಲು ನೀರಿನಲ್ಲಿ ಹಾಯ್ದು ಹೋಗುತ್ತಿದ್ದರು. ಹಾಯುವ ಜಾಗ ಎಲ್ಲಿದೆ ಎಂಬುದು ರಾಜ್ಯಗಳ ಹಣೆಬರಹವನ್ನೂ ಬರೆದಿದೆ. 1565ರಲ್ಲಿ ಕೆಳಗಡೆ ತಾಳಿಕೋಟೆ ಸೀಮೆಯಲ್ಲಿ ವಿಜಯನಗರದ ರಾಮರಾಯನ ಪಡೆ ಅಂಥದೊಂದು ಜಾಗವನ್ನು ಕಾಯುತ್ತಿತ್ತು; ಬೇರೆಡೆ ದಾಟುವಂತೆ ಹೂಟ ಹೂಡಿ, ಕಾವಲನ್ನು ಅತ್ತ ಸರಿಸಿ, ದಖ್ಖನ್ನಿನ ಸುಲ್ತಾನರು ಇತ್ತ ದಾಟಿದರೆಂದು ಚರಿತ್ರೆಕಾರ ಫಿರಿಶ್ತಾ ಬರೆಯುತ್ತಾನೆ. ಸೈನ್ಯಕ್ಕೆ ಹೂಟವಿತ್ತು. ಸಂತೆಗೆ, ಮದುವೆಗೆ, ಹೆರಿಗೆಗೆ ಆಚೆ ದಡಕ್ಕೆ ಹೋಗುವವರಿಗೆ ಇದ್ದದ್ದು ಅಂಬಿಗ ಮತ್ತು ಅವನ ಹರಗೋಲು.

ಹರಗೋಲನ್ನು ಕಂಡ ಪರದೇಶಿಗಳಿಗೆಲ್ಲ ಅದು ದೊಡ್ಡ ಸೋಜಿಗ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಯಸ್, ತುಂಗಭದ್ರೆಯಲ್ಲಿ ಜನರನ್ನು ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದ: ಒಳಗೆ ಹೆಣೆದ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ಹೋಗುತ್ತವೆ, ನೆಟ್ಟಗೆ ಸಾಗದೆ ಗಿರಗಿರ ತಿರುಗುತ್ತಲೇ ಹೋಗುತ್ತವೆ. ಮುಂದಿನ ಶತಮಾನದಲ್ಲಿ ಫ್ರೆಂಚ್ ವಜ್ರವ್ಯಾಪಾರಿ ತವೆರ್ನಿಯೆ ದಖ್ಖನ್ನಿನ ಹೊಳೆಯೊಂದನ್ನು ಹೀಗೆಯೇ ದಾಟಿದ. ತಳದಲ್ಲಿ ಕಟ್ಟಿಗೆಯ ಹೊರೆ, ಅದರ ಮೇಲೆ ಜಮಖಾನೆ, ಸಾಮಾನು ತೊಯ್ಯದಿರಲೆಂದು. ಗಾಡಿಯನ್ನು ಎರಡು ಹರಗೋಲುಗಳ ನಡುವೆ ಕಟ್ಟಿ ತೇಲಿಸುತ್ತಿದ್ದರಂತೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ಕೂಡ ಮಳೆಗಾಲದ ಹೊಳೆಗಳಿಗಾಗಿ ಎತ್ತಿನ ಚರ್ಮದ ಹರಗೋಲುಗಳನ್ನೇ ಕಟ್ಟಿಸಿದ. ದೋಣಿಗಳ ಚರಿತ್ರೆಯನ್ನು ಬದುಕಿಡೀ ಹುಡುಕಿದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಗೋಲುಗಳ ಮೇಲೆಯೇ 1933ರಲ್ಲಿ ಪ್ರಬಂಧ ಪ್ರಕಟಿಸಿದ.

ಈ ಬರಹಗಳಲ್ಲಿ ದೋಣಿ ಇದೆ. ಅದನ್ನು ನಡೆಸುವವನ ಮೈಕೈಯ ಜಾಣ್ಮೆ ಅಷ್ಟಾಗಿ ಇಲ್ಲ. ಹರಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ, ಚುಕ್ಕಾಣಿಯಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ಇದ್ದಲ್ಲೇ ಬುಗುರಿಯಾಗುತ್ತದೆ. ಆದ್ದರಿಂದ ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ. ತಿರುಗಲು ಹವಣಿಸುವ ಬುಟ್ಟಿಯನ್ನು ಮಣಿಕಟ್ಟಿನ ತಿರುವಿನಿಂದ ಹಿಡಿದಿಡುತ್ತಾನೆ. ನೀರು ತೆಳುವಾದಲ್ಲಿ ಎದ್ದು ನಿಂತು ಗಳ ಊರುತ್ತಾನೆ. ಸೆಳವು ತನ್ನನ್ನು ಎಷ್ಟು ಕೆಳಕ್ಕೆ ಒಯ್ಯುವುದೆಂದು ಅಳೆದು, ಅಷ್ಟೇ ಮೇಲಿನಿಂದ ಹರಗೋಲು ಬಿಡುತ್ತಾನೆ. ಇವು ತಂದೆಯಿಂದ ಮಗನಿಗೆ ದಾಟಿದ ವಿದ್ಯೆಗಳು. ತುಂಗಭದ್ರೆಯ ದಡದ ಚೌಡದಾನಪುರದ ಹೆಸರಿನೊಂದಿಗೆ ಬೆರೆತಿರುವ ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದಲ್ಲಿ ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡ. ಹುಟ್ಟು ಹಿಡಿದ ಕೈಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಗೆ ಕೃಷ್ಣೆಯ ನಡೆಯೇ ಬದಲಾಯಿತು. ಗಲಗಲಿಯಿಂದ ಮೇಲೆ, ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ, ಬೇಸಿಗೆಯಲ್ಲಿ ಬತ್ತುವ ಹೊಳೆಗೆ ರೈತರೇ ಅಡ್ಡಗಟ್ಟಿದರು. ಸರ್ಕಾರದ ದುಡ್ಡಿಗೆ ಕಾಯದೆ ಚಂದಾ ಎತ್ತಿ, ಶ್ರಮದಾನ ಮಾಡಿ 1989ರಲ್ಲಿ ಮುಗಿಸಿದ ಈ ಬ್ಯಾರೇಜಿಗೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡ 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅಷ್ಟರಮಟ್ಟಿಗೆ ಈ ಸೀಮೆಯಲ್ಲಿ ನೀರು ನಿಲ್ಲಿಸಿದವನ ಮಾತು ನಡೆಯುತ್ತಿತ್ತು. ಕೆಳಗಡೆ, ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲು ಹಾಕಿದ್ದ ಆಲಮಟ್ಟಿ ಜಲಾಶಯ ನಾಲ್ಕು ದಶಕಗಳ ಬಳಿಕ, 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಯಿತು. 519.60 ಮೀಟರಿನ ಮಟ್ಟಕ್ಕೆ ನೀರು ನಿಂತಾಗ ಹಳೆಯ ಬಾಗಲಕೋಟೆಯ ಭಾಗಗಳೂ ಹತ್ತಾರು ಹಳ್ಳಿಗಳೂ ಮುಳುಗಿದವು. ಬೀಳಗಿ ತಾಲೂಕಿನ ಹೊಲಗಳ ಮೇಲೆ ಹಿನ್ನೀರು ಹರಡಿ ಹೊಳೆಯೆಂಬುದು ಸರೋವರವಾಯಿತು. ಮನೆ ಹೊಲ ಬಿಟ್ಟು ಬಂದವರ ನೋವಿನ ಮುಂದೆ ದೋಣಿಯ ಮಾತು ಹಗುರ ಅನ್ನಿಸಬಹುದು. ಆದರೂ ಕಳೆದುಹೋದವುಗಳ ಪಟ್ಟಿಯಲ್ಲಿ ಅಂಬಿಗರ ಕಸುಬೂ ಸೇರಬೇಕು. ಬ್ಯಾರೇಜು ಸೇತುವೆಗಳ ಮೇಲೆ ಬಸ್ಸು, ಕಬ್ಬಿನ ಟ್ರ್ಯಾಕ್ಟರು ಓಡತೊಡಗಿದ ಮೇಲೆ ಹರಗೋಲು ಮೀನುಗಾರರ ಪಾಲಿಗಷ್ಟೇ ಉಳಿಯಿತು. ಚರ್ಮದ ಜಾಗಕ್ಕೆ ಡಾಂಬರು, ಪ್ಲಾಸ್ಟಿಕ್ಕಿನ ಹಾಳೆ ಬಂದವು.

ಇತ್ತ ಹೊಳೆ ದಾಟುವ ಕಸುಬು ಸೊರಗುತ್ತಿದ್ದ ಕಾಲಕ್ಕೆ, ಅತ್ತ ಪೆಸಿಫಿಕ್ ಸಾಗರದ ನಡುವೆ ನಿಂತು ಹುಟ್ಟು ಹಾಕುವುದೇ ಒಂದು ಆಟವಾಗಿ ಬೆಳೆಯುತ್ತಿತ್ತು. ಹವಾಯಿಯ ವೈಕಿಕಿ ತೀರದಲ್ಲಿ ಸರ್ಫಿಂಗ್ ಕಲಿಸುತ್ತಿದ್ದ ಕೆಲವರು ಕಳೆದ ಶತಮಾನದ ಮಧ್ಯದಲ್ಲೇ ಹಲಗೆಯ ಮೇಲೆ ಹುಟ್ಟು ಹಿಡಿದು ನಿಲ್ಲುತ್ತಿದ್ದರು. ನಿಂತರೆ ಬರುವ ಅಲೆಯೂ ಕಾಣುತ್ತದೆ, ಶಿಷ್ಯರ ಮೇಲೆ ಕಣ್ಣೂ ಇರುತ್ತದೆ. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಮೊದಲಾದ ಸರ್ಫರ್‌ಗಳು ಇದನ್ನು ಮತ್ತೆ ಚಾಲ್ತಿಗೆ ತಂದರು. ಅಲೆ ಇಲ್ಲದ ಕೆರೆಗೂ ಹೊಳೆಗೂ ಒಗ್ಗುವುದರಿಂದ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್ ಕಡಲನ್ನೇ ಕಾಣದ ಊರುಗಳಿಗೂ ಹಬ್ಬಿತು. ಅಂತಾರಾಷ್ಟ್ರೀಯ ಸರ್ಫಿಂಗ್ ಸಂಸ್ಥೆ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ಪನ್ನು 2012ರಲ್ಲಿ ಪೆರುವಿನಲ್ಲಿ ನಡೆಸಿತು. ಈ ಆಟ ಸರ್ಫಿಂಗಿನವರಿಗೆ ಸೇರಿದ್ದೋ ಕೆನೂಯಿಂಗಿನವರಿಗೆ ಸೇರಿದ್ದೋ ಎಂಬ ಜಗಳ ಕ್ರೀಡಾ ನ್ಯಾಯಮಂಡಳಿಯವರೆಗೂ ಹೋಗಿ, ಒಲಿಂಪಿಕ್ಸ್ ಮಟ್ಟದ ಆಡಳಿತ ಸರ್ಫಿಂಗ್ ಸಂಸ್ಥೆಯದೆಂದು 2020ರಲ್ಲಿ ತೀರ್ಪಾಯಿತು.

ಕರ್ನಾಟಕಕ್ಕೆ ಅದು ಬಂದದ್ದು ದಕ್ಷಿಣ ಕನ್ನಡದ ಮುಲ್ಕಿಯ ಮೂಲಕ. ಅಮೆರಿಕದ ಫ್ಲೋರಿಡಾದಲ್ಲಿ ಹುಡುಗನಾಗಿದ್ದಾಗಲೇ ಸರ್ಫಿಂಗ್ ಕಲಿತು, 1970ರ ದಶಕದಲ್ಲಿ ಭಾರತಕ್ಕೆ ಬಂದು ವೈಷ್ಣವ ಸಂನ್ಯಾಸಿಯಾದ ಜ್ಯಾಕ್ ಹೆಬ್ನರ್ ಮತ್ತು ಅವರ ಶಿಷ್ಯರು ಶಾಂಭವಿ ನದಿಯ ದಡದಲ್ಲಿ ಆಶ್ರಮ ಕಟ್ಟಿ, 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಭಜನೆ, ಸಸ್ಯಾಹಾರ, ಸರ್ಫಿಂಗ್ ಒಂದೇ ಸೂರಿನಡಿ! ಅವರ ಆಶ್ರಮ ದೊಡ್ಡ ಸುದ್ದಿಯಾಯಿತು. ಆದರೆ ಅದಕ್ಕಿಂತ ದೊಡ್ಡದು, ಊರಿನ ಮಕ್ಕಳ ಕೈಗೆ ಹಲಗೆ ಸಿಕ್ಕದ್ದು. 2011ರಲ್ಲಿ ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ಹುಟ್ಟಿತು.

ಮುಲ್ಕಿಯ ನೀರು ಈ ಆಟ ಕಲಿಯಲು ಹೇಳಿಮಾಡಿಸಿದಂತಿದೆ. ಶಾಂಭವಿ, ನಂದಿನಿ ಎರಡೂ ಒಂದಾಗಿ ಸಸಿಹಿತ್ಲಿನ ಬಳಿ ಕಡಲು ಸೇರುತ್ತವೆ. ಅಳಿವೆಯ ಒಳಗೆ ಕಾಂಡ್ಲಾ ಗಿಡಗಳ ನಡುವೆ ತಣ್ಣಗಿನ ನೀರು, ಹೊರಗೆ ಅಬ್ಬರದ ಅಲೆ. ಹೊಸಬರು ಒಳಗೇ ಶುರುಮಾಡುತ್ತಾರೆ. ಸುಮಾರು ಹತ್ತೂವರೆ ಅಡಿ ಉದ್ದದ ಹಲಗೆಯ ನಡುಮಧ್ಯ ಮೊದಲು ಮಂಡಿಯೂರಬೇಕು. ಹುಟ್ಟನ್ನು ಅಡ್ಡಲಾಗಿ ಮುಂದಿಟ್ಟು, ಒಂದೊಂದೇ ಪಾದ ಮೇಲೆತ್ತಿ, ಎದ್ದು ನಿಲ್ಲಬೇಕು. ಪಾದಗಳೆರಡೂ ಮುಂದಕ್ಕೆ ನೋಡಬೇಕು, ಮಂಡಿ ಸಡಿಲವಾಗಿರಬೇಕು, ಕಣ್ಣು ದೂರದ ದಡದ ಮೇಲಿರಬೇಕು. ಕಾಲ ಬೆರಳು ನೋಡಿದವರು ನೀರಿಗೆ ಬಿದ್ದರೆಂದೇ ಲೆಕ್ಕ. ಹುಟ್ಟಿನ ಅಲಗು ಮುಂದಕ್ಕೆ ಬಾಗಿರುತ್ತದೆ; ಹೊಸಬರು ತಿರುವುಮುರುವಾಗಿ ಹಿಡಿಯುವುದೇ ಹೆಚ್ಚು. ತೋಳಿನಿಂದ ಎಳೆದವರ ಭುಜ ಬೇಗ ಸೋಲುತ್ತದೆ, ಸೊಂಟದಿಂದ ಎಳೆಯುವವರು ಗಂಟೆಗಟ್ಟಲೆ ಸಾಗುತ್ತಾರೆ. ಎಡಕ್ಕೆ ನಾಲ್ಕಾರು ಸಲ, ಬಲಕ್ಕೆ ನಾಲ್ಕಾರು ಸಲ ಹುಟ್ಟು ಬದಲಿಸದಿದ್ದರೆ ಹಲಗೆ ಸುತ್ತು ಹೊಡೆಯುತ್ತದೆ. ಹರಗೋಲಿನ ಅಂಬಿಗನಿಗೆ ಈ ಪಾಠ ಬೇಕಾಗುತ್ತಿರಲಿಲ್ಲ.

ಮುಲ್ಕಿಯ ತನ್ವಿ ಜಗದೀಶ್ ಹೀಗೆ ಕಲಿತೇ ಮೇಲೆ ಬಂದವರು. ಹೆಣ್ಣುಮಕ್ಕಳು ಕಡಲಿಗಿಳಿಯುವುದು ಅಪರೂಪವಾಗಿದ್ದ ತೀರದಿಂದ ಹೊರಟು, 2016ರಲ್ಲಿ ಫಿಜಿಯ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಭಾರತವನ್ನು ಪ್ರತಿನಿಧಿಸಿದರು. ತಮಿಳುನಾಡಿನ ಕೋವಳಂನ ಶೇಖರ್ ಪಚ್ಚೈ ಅಲ್ಲಿ ಜೊತೆಗಿದ್ದರು. ಮರುವರ್ಷ ಅಮೆರಿಕದ ಕೆರೊಲಿನಾ ಕಪ್‌ನಲ್ಲಿ ತನ್ವಿಗೆ ಕಂಚು ಬಂತು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದ ಸಸಿಹಿತ್ಲಿನಲ್ಲೇ 2024ರ ಮಾರ್ಚ್ 8ರಿಂದ 10ರವರೆಗೆ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆಯಿತು. ಪ್ಯಾಡಲ್ ಸರ್ಫ್ ವೃತ್ತಿಪರರ ವಿಶ್ವ ಪ್ರವಾಸ ಸರಣಿ ಭಾರತಕ್ಕೆ ಬಂದದ್ದು ಅದೇ ಮೊದಲು. ಶೇಖರ್ ಪಚ್ಚೈಗೆ ಕೋವಳಂ, ತನ್ವಿಗೆ ಮುಲ್ಕಿ: ಈ ಆಟದ ಭಾರತೀಯ ಚರಿತ್ರೆಯನ್ನು ಬರೆದದ್ದು ಮಹಾನಗರಗಳ ಕ್ಲಬ್ಬುಗಳಿಗಿಂತ ಹೆಚ್ಚಾಗಿ ನೀರಿನ ಪಕ್ಕದ ಸಣ್ಣ ಊರುಗಳು.

ಕೃಷ್ಣೆಯ ಹಿನ್ನೀರಿಗೆ ಈ ಆಟ ತರಲು ಯೋಚಿಸುವವರು ಗಮನಿಸಬೇಕಾದದ್ದು ಇದನ್ನೇ. ಮುಳುಗಡೆಯ ನೀರು ಆಟದ ಬಯಲಾಗುವುದು ಕರ್ನಾಟಕಕ್ಕೆ ಹೊಸದಲ್ಲ. ಸಾಗರ ತಾಲೂಕಿನ ಹೊನ್ನೆಮರಡು ಶರಾವತಿಯ ಹಿನ್ನೀರಿನ ದಡದಲ್ಲಿದೆ. ಅಲ್ಲಿ ಹರಗೋಲನ್ನೂ ಕೆನೂವನ್ನೂ ಪಕ್ಕಪಕ್ಕದಲ್ಲೇ ಕಲಿಸುತ್ತಾ ಬಂದಿದ್ದಾರೆ. ಗಲಗಲಿಯಿಂದ ಹೆರಕಲ್ಲಿನವರೆಗೆ ಹರಡಿರುವ ನೀರಿನ ಗುಣ ಬೇರೆ. ಚಳಿಗಾಲದಲ್ಲಿ ರಾಜಹಂಸಗಳೂ ಪಟ್ಟೆತಲೆಯ ಹೆಬ್ಬಾತುಗಳೂ ಇಳಿಯುವ ಹಿನ್ನೀರು ಅದು. ಹಲಗೆಗಳು ಅವುಗಳಿಂದ ದೂರವೇ ಇರಬೇಕು. ಮೊಸಳೆಗಳಿವೆ. ಬಯಲುಸೀಮೆಯ ಗಾಳಿಗೆ ತಡೆಯಾಗಬಲ್ಲ ಗುಡ್ಡಗಳು ಕಡಿಮೆ. ನಿಂತವನ ಮೈಯೇ ಹಾಯಿಯಾಗಿ ಹಲಗೆಯನ್ನು ನಡುನೀರಿಗೆ ಎಳೆದೊಯ್ದೀತು. ಮಳೆಗಾಲದಲ್ಲಿ ಮೇಲೆ ಹಿಪ್ಪರಗಿ ಬ್ಯಾರೇಜಿನಿಂದ ನೀರು ಬಿಟ್ಟರೆ ಸೆಳವು ಹೆಚ್ಚುತ್ತದೆ. 2019ರ ಆಗಸ್ಟಿನ ಪ್ರವಾಹವನ್ನು ಜಮಖಂಡಿ, ಮುಧೋಳದ ಹಳ್ಳಿಗಳು ಮರೆತಿಲ್ಲ. ಯಾವ ತಿಂಗಳು ಎಲ್ಲಿ ಇಳಿಯಬಹುದು, ಮುಳುಗಿದ ಬಂಡೆ, ಕಂಬ, ಗಿಡದ ಬೊಡ್ಡೆಗಳು ಎಲ್ಲಿವೆ, ಮೊಸಳೆ ಮೈಕಾಯಿಸಲು ಬರುವ ದಿಬ್ಬ ಯಾವುದು ಎಂಬುದು ದಿನಾ ಬಲೆ ಹಾಕುವ ಅಂಬಿಗರಿಗೆ ಗೊತ್ತು. ಮುಂದೊಂದು ದಿನ ಇಲ್ಲಿ ತರಬೇತಿ ಕೇಂದ್ರವಾದರೆ ಸಂಬಳದ ಪಟ್ಟಿಯಲ್ಲಿ ಮೊದಲು ಬರಬೇಕಾದ ಹೆಸರುಗಳು ಅವರವು, ಹಲಗೆಯ ಮೇಲೆ ಮೊದಲು ನಿಲ್ಲಬೇಕಾದದ್ದು ಅವರ ಮಕ್ಕಳು.