ಶ್ರುತಿ ಹಿಡಿದವರು

ರಾಷ್ಟ್ರಕೂಟರ ಹಾಗೂ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಸಾಮಂತರ ಬಿರುದಾವಳಿಯೊಳಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಶೃಂಗ, ಶಂಖ, ಭೇರಿ, ತಮ್ಮಟ, ಜಯಘಂಟೆಗಳೆಂಬ ಐದು ವಾದ್ಯಗಳನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಗೌರವವನ್ನು ಪಡೆದವನು ಎಂದು ಇದರ ತಾತ್ಪರ್ಯ. ಗೌರವ ಪಡೆದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಕೊಂಬು ಊದಿದವನ ಹೆಸರು ಗಾಳಿಯಲ್ಲಿ ಹೋಯಿತು.

ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಊದುವ ವಾದ್ಯವೆಂದರೆ ಮೊದಲು ನೆನಪಾಗುವುದು ಸನಾದಿ. ಉತ್ತರದವರು ಇದನ್ನೇ ಶಹನಾಯಿ ಎನ್ನುತ್ತಾರೆ. ಮರದ ಕೊಳವೆ, ತುದಿಗೆ ಲೋಹದ ಬಾಯಿ, ತಲೆಯಲ್ಲಿ ಹುಲ್ಲಿನ ತೆಳುಪದರಗಳ ಒಂದು ಪುಟ್ಟ ಪೀಪಿ, ಇಷ್ಟೇ ಇದರ ಸಂಪತ್ತು. ಮದುವೆ, ಜಾತ್ರೆ, ಪಲ್ಲಕ್ಕಿಯ ಉತ್ಸವಗಳಲ್ಲಿ ಇದನ್ನು ನುಡಿಸುತ್ತ ಬಂದವರಲ್ಲಿ ಭಜಂತ್ರಿ ಮನೆತನಗಳು ಮುಖ್ಯವಾದವು. ಶುಭಕಾರ್ಯಕ್ಕೆ ಅವರ ನಾದ ಬೇಕು, ಊಟದ ಪಂಕ್ತಿಗೆ ಅವರು ಬೇಡ ಎಂಬ ಕಾಲವನ್ನು ಈ ಕಲೆ ದಾಟಿ ಬಂದಿದೆ.

ಈ ವಿದ್ಯೆಯ ಮೊದಲ ಪಾಠ ರಾಗವಲ್ಲ, ಶ್ರುತಿ. ಮುಖ್ಯ ವಾದಕನ ಪಕ್ಕದಲ್ಲಿ ಕುಳಿತ ಶಿಷ್ಯನು ಒಂದೇ ಸ್ವರವನ್ನು ಕಡಿಯದೆ ಹಿಡಿಯಬೇಕು. ಹಿರಿಯನು ರಾಗವನ್ನು ಎಲ್ಲಿಗೆ ಒಯ್ದರೂ ಕಿರಿಯನು ಷಡ್ಜವನ್ನು ಬಿಡುವಂತಿಲ್ಲ. ಹಾಗಾದರೆ ಉಸಿರು ತೆಗೆದುಕೊಳ್ಳುವುದು ಯಾವಾಗ? ಕೆನ್ನೆಗಳಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು, ಅದನ್ನು ಪೀಪಿಯೊಳಕ್ಕೆ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಸೆಳೆದುಕೊಳ್ಳುವುದೇ ಇಲ್ಲಿಯ ರಹಸ್ಯ. ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯಲ್ಲಿ ರೈತರು ತಮ್ಮ ಹಣದಿಂದ, ತಮ್ಮ ಬೆವರಿನಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿ 1989ರಲ್ಲಿ ಮುಗಿಸಿದರು. ‘ಶ್ರಮಬಿಂದು ಸಾಗರ’ವೆಂದು ಅದರ ಹೆಸರು. ಹೊಳೆ ತುಂಬಿದಾಗ ಹಿಡಿದಿಟ್ಟ ನೀರು ಬೇಸಿಗೆಯ ಪೈರಿಗೆ ಒದಗುವಂತೆ, ಊದುವವನ ಕೆನ್ನೆಯಲ್ಲಿ ನಿಂತ ಗಾಳಿ ಉಸಿರಿಲ್ಲದ ಗಳಿಗೆಗೆ ಒದಗುತ್ತದೆ. ಎರಡೂ ಒಂದು ದಿನದಲ್ಲಿ ಸಿದ್ಧಿಸುವ ಕೆಲಸಗಳಲ್ಲ.

ಪಶ್ಚಿಮದ ಹಿತ್ತಾಳೆಯ ವಾದ್ಯವಾದ ಟ್ರಾಂಬೋನನ್ನು ನುಡಿಸುವವರ ದಿನಚರಿಯೂ ಹೀಗೆಯೇ ಆರಂಭವಾಗುತ್ತದೆ. ಅವರು ಬೆಳಗಿನಲ್ಲಿ ಹಾಡನ್ನು ಎತ್ತಿಕೊಳ್ಳುವುದಿಲ್ಲ. ಒಂದು ಸ್ವರವನ್ನು ಮೆಲ್ಲಗೆ ಹಿಡಿದು, ಬೆಳೆಸಿ, ಮತ್ತೆ ಇಳಿಸುತ್ತ ತುಟಿಯನ್ನೂ ಉಸಿರನ್ನೂ ಹದಕ್ಕೆ ತರುತ್ತಾರೆ. ಅವರು ಬಾಯಿಂದ ಉಸಿರೆಳೆದುಕೊಳ್ಳಲು ನಿಲ್ಲುತ್ತಾರೆ, ಸನಾದಿಯವನು ನಿಲ್ಲುವುದಿಲ್ಲ; ಭೇದ ಅಷ್ಟೇ. ಆದರೆ ಅವರ ಸಾಧನೆ ಕೋಣೆಯೊಳಗಿನದು, ನಮ್ಮವನದು ಸೇವೆಯೊಳಗಿನದು. ದೇವಾಲಯದ ಬಾಗಿಲಲ್ಲಿ, ಅರಮನೆಯ ನಗಾರಖಾನೆಯಲ್ಲಿ ಹೊತ್ತುಹೊತ್ತಿಗೆ ನುಡಿಸುವ ಕರ್ತವ್ಯವೇ ಅವನ ಶಾಲೆಯಾಗಿತ್ತು.

ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಾಡಿನಲ್ಲೆಲ್ಲ ಅರಮನೆಗಳ ಆಶ್ರಯ ಹೀಗೆ ಕಳಚಿತು. ಪ್ರಜೆಗೆ ಅದು ಬಿಡುಗಡೆ. ವಾದಕನಿಗೆ ಬಿಡುಗಡೆಯೂ ಹೌದು, ಅನ್ನದ ಚಿಂತೆಯೂ ಹೌದು. ಮದುವೆಯ ಚಪ್ಪರಕ್ಕೆ ಬ್ಯಾಂಡು ಬಂತು, ಅನಂತರ ಧ್ವನಿವರ್ಧಕ ಬಂತು. ಕೊನೆಗೆ ಶ್ರುತಿಪೆಟ್ಟಿಗೆ ಬಂದು ಶಿಷ್ಯನ ಸ್ಥಾನದಲ್ಲಿ ಕುಳಿತಿತು. ಪೆಟ್ಟಿಗೆ ದಣಿಯುವುದಿಲ್ಲ, ನಿಜ. ಆದರೆ ಅದು ನಾಳೆ ರಾಗ ನುಡಿಸಲಾರದು.

ಬೀಳಗಿಯ ಸನಾದಿ ಅಪ್ಪಣ್ಣನ ಹೆಸರನ್ನು ಇಲ್ಲಿ ಸ್ಮರಿಸಬೇಕು. ಊದಿದವನ ಹೆಸರು ವಾದ್ಯದ ಹೆಸರಿನೊಡನೆ ಕೂಡಿ ಜನರ ನಾಲಗೆಯಲ್ಲಿ ಉಳಿದ ಅಪರೂಪದ ಉದಾಹರಣೆ ಅದು. 1977ರಲ್ಲಿ ವಿಜಯ್ ಅವರ ನಿರ್ದೇಶನದಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರ ತೆರೆಕಂಡಾಗ ಪಾತ್ರಕ್ಕೆ ರೂಪ ಕೊಟ್ಟವರು ರಾಜಕುಮಾರ್, ನಾದ ಕೊಟ್ಟವರು ಕಾಶಿಯ ಬಿಸ್ಮಿಲ್ಲಾ ಖಾನ್. ಖಾನರು ಬಾಲ್ಯದಲ್ಲಿ ಗಂಗೆಯ ದಡದ ಬಾಲಾಜಿ ಮಂದಿರದಲ್ಲಿ ಕುಳಿತು ಸಾಧನೆ ಮಾಡಿದವರು. ಅವರ ಸೋದರಮಾವ ಹಾಗೂ ಗುರು ಅಲಿ ಬಕ್ಷ್ ವಿಶ್ವನಾಥನ ಸೇವೆಯಲ್ಲಿ ಶಹನಾಯಿ ನುಡಿಸುತ್ತಿದ್ದವರು. 1947ರಲ್ಲಿ ಕೆಂಪುಕೋಟೆಯಲ್ಲಿ ಮೊಳಗಿದ ನಾದದ ಹಿಂದೆ, 2001ರಲ್ಲಿ ಬಂದ ಭಾರತರತ್ನದ ಹಿಂದೆ, ಆ ನಿತ್ಯದ ಉಸಿರು ಇತ್ತು.

ಮಹಾವಾದಕನನ್ನು ಗೌರವಿಸುವುದು ಸುಲಭ. ಅವನ ಪಕ್ಕದಲ್ಲಿ ಒಂದೇ ಸ್ವರವನ್ನು ಹಿಡಿದು ಕುಳಿತ ಹುಡುಗನಿಗೆ ಜಾಗ ಕೊಡುವುದು ಕಷ್ಟ. ಮದುವೆಗೆ ಸನಾದಿಯವರನ್ನು ಕರೆಯುವಾಗ ಆ ಎರಡನೆಯವನನ್ನೂ ಕರೆಯೋಣ, ಪಂಕ್ತಿಯಲ್ಲಿ ಇಬ್ಬರಿಗೂ ಎಲೆ ಹಾಕೋಣ. ಶ್ರುತಿ ಹಿಡಿಯುವವನಿದ್ದರೆ ನಾಳೆ ರಾಗ ನುಡಿಸುವವನೂ ಇರುತ್ತಾನೆ.